ಕದಲದ ಶ್ರುತಿ: ಎಲೆಕ್ಟ್ರಾನಿಕ್ ತಂಬೂರಿಯೊಡನೆ ಒಂದು ವರ್ಷ

ಐದೂವರೆ ಮನೆ ಎಂಬ ಸ್ವರಮಟ್ಟದ ಶ್ರುತಿಗೆ ಇಟ್ಟ ನನ್ನ ಎಲೆಕ್ಟ್ರಾನಿಕ್ ತಂಬೂರಿ ನಸುಕಿನ ಸಾಧನೆಗೂ ಬಿರುಬೇಸಿಗೆಯ ಮಧ್ಯಾಹ್ನಕ್ಕೂ ಒಂದೇ ಷಡ್ಜವನ್ನು, ಅಂದರೆ ಆಧಾರ ಸ್ವರ ‘ಸ’ವನ್ನು, ಕೊಡುತ್ತದೆ. ಸೆಕೆ ಏರಿದಂತೆ ತಂತಿ ಸಡಿಲಗೊಂಡು ಶ್ರುತಿ ಇಳಿಯುವ ತೊಂದರೆ ಇದಕ್ಕಿಲ್ಲ. ಯಂತ್ರ ತಯಾರಿಸುವ ಎಂಜಿನಿಯರಿಗೆ ವ್ಯತ್ಯಾಸವೆಂದರೆ ಮಿತಿಯೊಳಗೆ ಹಿಡಿದಿಡಬೇಕಾದ ದೋಷ; ಆ ದೃಷ್ಟಿಯಲ್ಲಿ ಈ ಪುಟ್ಟ ಪೆಟ್ಟಿಗೆಗೆ ಪೂರ್ಣ ಅಂಕ ಸಲ್ಲಬೇಕು.

ಗಾಯಕರಿಗೆ ‘ವ್ಯತ್ಯಾಸ’ ಎಂಬ ಅದೇ ಮಾತಿನ ಅರ್ಥ ಬೇರೆ. ಕೃತಿಯ ಒಂದು ಸಾಲನ್ನು ಮೊದಲು ಸರಳವಾಗಿ ಹಾಡಿ, ಸಾಹಿತ್ಯವನ್ನೂ ತಾಳವನ್ನೂ ಹಾಗೆಯೇ ಇಟ್ಟುಕೊಂಡು ಹಂತಹಂತವಾಗಿ ಬೆಳೆಸುವ ಬಗೆಗಳಿಗೆ ನಮ್ಮಲ್ಲಿ ‘ಸಂಗತಿ’ ಎಂಬ ಚೆಂದದ ಹೆಸರೇ ಇದೆ. ಜೀವವಿಜ್ಞಾನಿಗೂ ಅಷ್ಟೆ, ಭಿನ್ನತೆಯಿಲ್ಲದೆ ವಿಕಾಸವಿಲ್ಲ.

ನನ್ನ ಆಕ್ಷೇಪವಿರುವುದು ನಾದದ ಬಗ್ಗೆ. ಮರದ ತಂಬೂರಿಯಲ್ಲಿ ತಂತಿಗಳನ್ನು ಹೊರುವ ‘ಕುದುರೆ’ಯ ಮೇಲೆ ತಂತಿಯಡಿ ಇಟ್ಟ ಹತ್ತಿಯ ದಾರವನ್ನು ಕೂದಲೆಳೆಯಷ್ಟು ಸರಿಸಿದರೂ ನಾದ ಅರಳುತ್ತದೆ. ಮಂದ್ರ (ಕೆಳಸ್ಥಾಯಿಯ) ಷಡ್ಜದೊಳಗಿಂದ ಅಂತರ ಗಾಂಧಾರವೆಂಬ ಇನ್ನೊಂದು ಸ್ವರ ತಾನಾಗಿ ಎದ್ದು ಬರುತ್ತದೆ. ಬೆರಳಿನ ಒತ್ತಡ ಪ್ರತಿ ಮೀಟಿಗೂ ತುಸು ಬೇರೆಯಾಗಿರುವುದರಿಂದ ಗಂಟೆಗಟ್ಟಲೆ ಕೇಳಿದರೂ ಕಿವಿ ದಣಿಯುವುದಿಲ್ಲ. ನನ್ನ ಪೆಟ್ಟಿಗೆಯಲ್ಲಿ ಎಲ್ಲ ಮೀಟೂ ಒಂದೇ ಅಚ್ಚಿನದು. ಅರ್ಧ ಗಂಟೆ ಕಳೆದರೆ ನಾನು ಅದರ ಧ್ವನಿ ತಗ್ಗಿಸುತ್ತೇನೆ.

ಸರಳೆ, ಜಂಟಿ ವರಸೆಯಂಥ ಮೊದಲ ಪಾಠಗಳನ್ನು ಕಲಿಯುತ್ತಿರುವ ಮಕ್ಕಳಿಗೆ ಇದನ್ನು ಖಂಡಿತ ಕೊಡಿಸಿ, ಏಕೆಂದರೆ ಆ ಹಂತದಲ್ಲಿ ಶ್ರುತಿ ಕದಲಲೇಬಾರದು. ರಾಗಾಲಾಪನೆಗೆ ಕೂರುವವರು ಮಾತ್ರ, ಅನುಕೂಲವಿದ್ದರೆ, ಮರದ ತಂಬೂರಿಯನ್ನೇ ಮಡಿಲಿಗೆಳೆದುಕೊಳ್ಳಲಿ.