ಎಸ್‌ಯುವಿಯೋ, ಸಣ್ಣ ಕಾರೋ? ಜನ ಏನಂತಾರೆ, ಗಾಡಿ ಏನನ್ನುತ್ತದೆ

ಎಸ್‌ಯುವಿ, ಅಂದರೆ ಎತ್ತರದ ದೊಡ್ಡ ಗಾಡಿ ತಗೊಂಡರೆ ‘ಗತ್ತಿನ ಮನುಷ್ಯ’, ಹ್ಯಾಚ್‌ಬ್ಯಾಕ್, ಅಂದರೆ ಸಣ್ಣ ಕಾರು ತಗೊಂಡರೆ ‘ಲೆಕ್ಕಾಚಾರದವರು’. ಜನ ಸುಮ್ನೆ ಹೀಗೆ ಅಂದುಬಿಡುತ್ತಾರೆ, ಅಲ್ವಾ? ಎತ್ತರದ ಸೀಟು ಕೇಳುವ ಎಷ್ಟೋ ಜನರಿಗೆ ಬೇಕಿರುವುದು ಗತ್ತಲ್ಲ. ಮಂಡಿ ಹಿಡಿದುಕೊಳ್ಳದೆ ಹತ್ತಿ ಇಳಿಯುವುದು.

ಆದರೆ ಎತ್ತರ ಪುಕ್ಕಟೆ ಬರುವುದಿಲ್ಲ. ತೂಕ ಜಾಸ್ತಿ, ತಿರುವಿನಲ್ಲಿ ವಾಲುವುದೂ ಜಾಸ್ತಿ. ವೇಗ 2 ಪಟ್ಟಾದರೆ ಗಾಳಿಯ ತಡೆ 4 ಪಟ್ಟಾಗುತ್ತದೆ. ಎತ್ತರ, ಅಗಲ ಮೂತಿಯ ಗಾಡಿಗೆ ಈ ತಡೆ ಇನ್ನೂ ಜಾಸ್ತಿ; ಹೆದ್ದಾರಿಯಲ್ಲಿ ಅದು ಇಂಧನ ಕುಡಿಯುವುದು ಇದಕ್ಕೇ.

ಸಣ್ಣ ಕಾರು ಇಕ್ಕಟ್ಟಿನಲ್ಲೂ ಒಂದೇ ಸಲಕ್ಕೆ ಪಾರ್ಕ್ ಆಗುತ್ತದೆ. 5 ಜನ, ಮೇಲೆ ಲಗೇಜು ಅಂದರೆ ಮಾತ್ರ ಸುಸ್ತು.

ನನ್ನ ಕಣ್ಣಿಗೆ ಸ್ವಭಾವ ಕಾಣುವುದು ಮಾಡೆಲ್‌ನಲ್ಲಲ್ಲ, ಪಾರ್ಕಿಂಗ್ ಗೆರೆ ತುಳಿದು ನಿಂತ ಚಕ್ರದಲ್ಲಿ. ದಿನವೂ ಒಬ್ಬರೇ ಓಡಾಡುವವರಾದರೆ ಸಣ್ಣದೇ ತಗೊಳ್ಳಿ.