ಪಹಣಿಯಲ್ಲಿ ಹೆಸರಿದೆ ಎಂದು ಮುಂಗಡ ಕೊಡಬೇಡಿ: ದರಖಾಸ್ತು ಜಮೀನು ಕೊಂಡು ಕಳೆದುಕೊಂಡವರ ಅನುಭವ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜಮೀನು ಕೊಳ್ಳಲು ಹೊರಟಿರುವವರು ಮುಂಗಡ ಕೊಡುವ ಮೊದಲು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ರದ್ದಾದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಗಿದೆ. ಬೆಂಗಳೂರಿನ ಆಸುಪಾಸಿನಲ್ಲಿ ಬೆಲೆ ಕೈಗೆಟುಕದವರನ್ನು ಮಧ್ಯವರ್ತಿಗಳು ಈಗ ಆಂಧ್ರದ ಗಡಿಯಂಚಿನ ದೂರದ ಊರುಗಳಿಗೆ ಕರೆದೊಯ್ಯುತ್ತಿದ್ದಾರೆ. ಅಲ್ಲಿ ಅಗ್ಗಕ್ಕೆ ಸಿಗುವ ಜಮೀನುಗಳಲ್ಲಿ ಕೆಲವು ಕಾನೂನಿನ ಪ್ರಕಾರ ಮಾರಲು ಬಾರದಂಥವು. ನಮ್ಮ ಚಿಕ್ಕಪ್ಪ ಕೊಂಡದ್ದು ಅಂಥದೇ ಒಂದು.

ಚಿಕ್ಕಪ್ಪ ಮೇಷ್ಟರಾಗಿ ನಿವೃತ್ತರಾದವರು. ನಿವೃತ್ತಿಯ ಹಣದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಮೂಲೆಯ ಹಳ್ಳಿಯಲ್ಲಿ ಎರಡು ಎಕರೆ ಹತ್ತು ಗುಂಟೆ ಕೊಂಡರು. ಕಾಗದ ನೋಡದೆ ಕೊಂಡವರಲ್ಲ. ಪಹಣಿಯ ಒಂಬತ್ತನೇ ಕಾಲಮಿನಲ್ಲಿ ಮಾರುವವರ ಹೆಸರಿತ್ತು, ಹೆಸರು ಬದಲಾವಣೆಯ ಮ್ಯುಟೇಷನ್ ಪ್ರತಿ ಇತ್ತು, ಉಪನೋಂದಣಿ ಕಚೇರಿ ಕೊಡುವ ಋಣಭಾರ ಪತ್ರವಾದ ಇಸಿಯಲ್ಲಿ ಸಾಲವಾಗಲಿ ತಕರಾರಾಗಲಿ ಕಾಣಲಿಲ್ಲ. ನೋಂದಣಿಯಾಯಿತು, ಖಾತೆಯೂ ಬದಲಾಯಿತು. ಸಾವಿರ ಅಡಿ ದಾಟಿದ ಮೇಲೆ ಕೊಳವೆಬಾವಿಯಲ್ಲಿ ನೀರು ಸಿಕ್ಕಿತು. ಮಾವಿನ ಕಸಿಗಿಡ ನೆಟ್ಟು, ಹನಿ ನೀರಾವರಿಯ ಪೈಪು ಎಳೆಸಿ, ಸುತ್ತ ಕಲ್ಲುಕಂಬ ನಿಲ್ಲಿಸಿ ತಂತಿಬೇಲಿ ಹಾಕಿಸಿದರು. ಗಿಡಗಳು ಮೊದಲ ಹೂ ಬಿಟ್ಟ ವರ್ಷ ಉಪವಿಭಾಗಾಧಿಕಾರಿಗಳ ನ್ಯಾಯಾಲಯದಿಂದ ನೋಟಿಸು ಬಂತು.

ಆ ಜಮೀನು ಮೂಲದಲ್ಲಿ ಸರ್ಕಾರದ್ದು. ಪರಿಶಿಷ್ಟ ಜಾತಿಯ ಕುಟುಂಬವೊಂದಕ್ಕೆ ದರಖಾಸ್ತಿನಲ್ಲಿ, ಅಂದರೆ ಅರ್ಜಿಯ ಮೇಲೆ ಸರ್ಕಾರಿ ಜಮೀನು ಕೊಡುವ ಕ್ರಮದಲ್ಲಿ, ಮಂಜೂರಾಗಿತ್ತು. ಮಂಜೂರಿ ಪಡೆದವರ ಸೊಸೆ, ಎಪ್ಪತ್ತರ ಆಸುಪಾಸಿನ ಹೆಂಗಸು, ವಿಚಾರಣೆಯ ದಿನ ಪ್ಲಾಸ್ಟಿಕ್ ಕವರಿನಿಂದ ಮಂಜೂರಾತಿಗೆ ದಾಖಲೆಯಾಗಿ ಕೊಟ್ಟಿದ್ದ ಸಾಗುವಳಿ ಚೀಟಿಯನ್ನು ಹೊರತೆಗೆದು ತೋರಿಸಿದರು. ಮಡಿಕೆ ಬಿದ್ದಲ್ಲೆಲ್ಲ ಹರಿದು, ಹಿಂದಿನಿಂದ ಅನ್ನದ ಗಂಜಿಯಲ್ಲಿ ಬೇರೆ ಕಾಗದ ಅಂಟಿಸಿದ್ದ ಆ ಚೀಟಿಯ ಕೆಳಭಾಗದಲ್ಲಿ, ಷರತ್ತುಗಳ ಸಾಲಿನಲ್ಲಿ, ಜಮೀನನ್ನು ಪರಭಾರೆ ಮಾಡಕೂಡದು, ಅಂದರೆ ಬೇರೆಯವರಿಗೆ ವರ್ಗಾಯಿಸಕೂಡದು, ಎಂಬುದು ಇನ್ನೂ ಸ್ಪಷ್ಟವಾಗಿ ಓದಲು ಬರುತ್ತಿತ್ತು. "ಸ್ವಾಮಿ, ನೀವು ದುಡ್ಡು ಕೊಟ್ಟಿದ್ದೀರ, ಇಲ್ಲ ಅನ್ನಲ್ಲ. ಆದ್ರೆ ಆ ದುಡ್ಡು ನಮ್ಮ ಮನೆಗೆ ಬಂದಿಲ್ಲ" ಎಂದರು. ಅದು ನಿಜ. ಅವರ ಮಾವ ಎಂಬತ್ತರ ದಶಕದಲ್ಲಿ ಊರಿನ ಸಾಹುಕಾರರೊಬ್ಬರಲ್ಲಿ ಮಗಳ ಮದುವೆಗೆ ಸಾಲ ಮಾಡಿ, ತೀರಿಸಲಾಗದೆ ಹೆಬ್ಬೆಟ್ಟು ಒತ್ತಿದ್ದರು. ಅಲ್ಲಿಂದ ಕೈಬದಲಾಗುತ್ತ ಬಂದ ಜಮೀನು ಚಿಕ್ಕಪ್ಪನ ಪಾಲಿಗೆ ಬಂದಿತ್ತು.

ಇಂಥ ಜಮೀನಿಗೆ ಅನ್ವಯಿಸುವುದು 1979ರ ಜನವರಿ 1ರಿಂದ ಜಾರಿಯಲ್ಲಿರುವ, ಪಿಟಿಸಿಎಲ್ ಎಂದೇ ಎಲ್ಲರೂ ಕರೆಯುವ 1978ರ ಪರಭಾರೆ ನಿಷೇಧ ಕಾಯ್ದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ವರ್ಗಾಯಿಸಿದರೆ ಆ ವರ್ಗಾವಣೆ ಅಸಿಂಧು. ಮಂಜೂರಾತಿಯ ಷರತ್ತು ಮುರಿದು ಮಾರಿದ್ದಾದರೆ, ಕಾಯ್ದೆ ಬರುವುದಕ್ಕೆ ಮುಂಚಿನ ಮಾರಾಟವೂ ನಿಲ್ಲುವುದಿಲ್ಲ. ಉಪವಿಭಾಗಾಧಿಕಾರಿಗಳು ಜಮೀನನ್ನು ಬಿಡಿಸಿ ಮೂಲ ಮಂಜೂರಿದಾರರಿಗೆ ಅಥವಾ ಅವರ ವಾರಸುದಾರರಿಗೆ ಕೊಡಿಸುತ್ತಾರೆ. ಸುಪ್ರೀಂ ಕೋರ್ಟ್ 1984ರಲ್ಲೇ ಈ ಕಾಯ್ದೆಯನ್ನು ಎತ್ತಿಹಿಡಿದಿದೆ. ಬಹಳ ವರ್ಷ ಸುಮ್ಮನಿದ್ದು ಆಮೇಲೆ ಅರ್ಜಿ ಹಾಕಿದವರಿಗೆ 2017ರ ತೀರ್ಪೊಂದರಿಂದ ತೊಂದರೆಯಾಗಿತ್ತು. 2023ರಲ್ಲಿ ವಿಧಾನಮಂಡಲವು ಅರ್ಜಿಗೆ ಕಾಲಮಿತಿಯಿಲ್ಲವೆಂದು ಕಾಯ್ದೆಗೆ ತಿದ್ದುಪಡಿ ತಂದಿತು. ನಲವತ್ತು ವರ್ಷದಿಂದ ಬೇರೆಯವರ ಸ್ವಾಧೀನದಲ್ಲಿದೆ, ಇನ್ನು ಯಾರು ಕೇಳುತ್ತಾರೆ ಎಂದು ಮಧ್ಯವರ್ತಿ ಹೇಳಿದರೆ ಆ ಮಾತನ್ನು ನಂಬಬೇಡಿ.

ಹಾಗಾದರೆ ಕಾಗದಗಳಲ್ಲಿ ಇದು ಏಕೆ ಕಾಣಲಿಲ್ಲ? ಮಂಜೂರಾತಿ ಎಂಬುದು ಕಂದಾಯ ಇಲಾಖೆಯ ಆದೇಶ. ಅದು ಉಪನೋಂದಣಿ ಕಚೇರಿಯ ಪುಸ್ತಕಕ್ಕೆ ಹೋಗುವುದಿಲ್ಲವಾದ್ದರಿಂದ ಇಸಿಯಲ್ಲಿ ಅದರ ಸುಳಿವೇ ಇರುವುದಿಲ್ಲ. ಸಾಲದ್ದಕ್ಕೆ ಆನ್‌ಲೈನಿನಲ್ಲಿ ಸಿಗುವ ಇಸಿ 2004ರಿಂದ ಈಚೆಗಿನದು. ಹಳೆಯ ಕ್ರಯಗಳನ್ನು ನೋಡಲು ಕಚೇರಿಯಲ್ಲೇ ಅರ್ಜಿ ಕೊಡಬೇಕು. ಇನ್ನು ಪಹಣಿ. ಭೂಮಿ ಯೋಜನೆಯಲ್ಲಿ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದಾಗ ಆ ಹೊತ್ತಿಗೆ ಯಾರ ಹೆಸರಿತ್ತೋ ಅದು ಬಂತು. ಅದಕ್ಕೂ ಹಿಂದೆ ಜಮೀನು ಎಲ್ಲಿಂದ ಬಂದದ್ದು ಎಂಬುದು ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿರುವ ಹಳೆಯ ಪುಸ್ತಕಗಳಲ್ಲೇ ಉಳಿಯಿತು. ಮಂಜೂರಾದ ಜಮೀನಿನ ಅಕ್ರಮ ಪರಭಾರೆಯನ್ನು ನೋಂದಾಯಿಸಕೂಡದೆಂದು ಕಾಯ್ದೆಯೇ ಹೇಳುತ್ತದೆ. ಆದರೆ ಕಡತ ಎದುರಿಗಿಲ್ಲದಾಗ ನೋಂದಣಿ ಆಗಿಬಿಡುತ್ತದೆ, ಮತ್ತು ನೋಂದಣಿಯಾದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ.

ಆದ್ದರಿಂದ ಮೊದಲು ಸರ್ವೆ ನಂಬರನ್ನು ನೋಡಿ. ನಂಬರಿನ ಜೊತೆಗೆ ಪಿ1, ಪಿ2, ಪಿ7 ಎಂದು ಇದ್ದರೆ, ಅದು ದೊಡ್ಡ ಸರ್ಕಾರಿ ಸರ್ವೆ ನಂಬರಿನಿಂದ ತುಂಡುತುಂಡಾಗಿ ಮಂಜೂರಾಗಿ, ಅಳತೆ ಮಾಡಿ ಬೇರೆ ನಂಬರು ಕೊಡುವ ಪೋಡಿ ದುರಸ್ತಿಯಾಗದೆ ಉಳಿದ ಜಮೀನಾಗಿರುವ ಸಂಭವ ಹೆಚ್ಚು. ಚಿಕ್ಕಪ್ಪನ ಪಹಣಿಯಲ್ಲಿ ಪಿ ಇರಲಿಲ್ಲ, ಏಕೆಂದರೆ ದುರಸ್ತಿಯಾಗಿ ಹೊಸ ನಂಬರು ಬಿದ್ದಿತ್ತು. ಆದ್ದರಿಂದ ಪಿ ಇಲ್ಲವೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಹಿಂದಿನ ನಂಬರು ಯಾವುದು, ಅದು ದನ ಮೇಯಲು ಬಿಟ್ಟ ಗೋಮಾಳವೋ ಸಾಗುವಳಿಗೆ ಬಾರದ ಖರಾಬೋ ಎಂಬುದನ್ನು ಸರ್ವೆ ದಾಖಲೆಗಳಾದ ಆಕಾರಬಂದ್ ಮತ್ತು ಮೂಲ ಟಿಪ್ಪಣಿಯಿಂದ ತಿಳಿಯಬೇಕು. ಕೈಬರಹದ ಪಹಣಿಗಳನ್ನು ಅರವತ್ತರ ದಶಕದವರೆಗೂ ತೆಗೆಸಿ, ಸರ್ಕಾರ ಎಂಬ ಪದ ಎಲ್ಲಾದರೂ ಕಂಡರೆ ಅಲ್ಲಿಂದ ಯಾರಿಗೆ ಹೋಯಿತೆಂಬುದರ ಮಂಜೂರಾತಿ ಕಡತವನ್ನು ಕೇಳಿ. ಕಡತ ಸಿಗುತ್ತಿಲ್ಲ ಎಂದು ಕಚೇರಿಯಿಂದ ಲಿಖಿತ ಉತ್ತರ, ಅಂದರೆ ಹಿಂಬರಹ, ಬಂದರೆ ಆ ವ್ಯವಹಾರವನ್ನು ಅಲ್ಲಿಗೇ ಕೈಬಿಡುವುದು ಕ್ಷೇಮವೆಂಬುದು ನನ್ನ ಅಭಿಪ್ರಾಯ. ಪಿಟಿಸಿಎಲ್ ಪ್ರಕರಣ ಬಾಕಿಯಿಲ್ಲ ಎಂಬ ಹಿಂಬರಹವನ್ನು ತೋರಿಸಿ ಧೈರ್ಯ ಹೇಳುವವರಿದ್ದಾರೆ. ಯಾರೂ ಇನ್ನೂ ಅರ್ಜಿ ಹಾಕಿಲ್ಲ ಎಂಬುದಷ್ಟೇ ಅದರಿಂದ ತಿಳಿಯುತ್ತದೆ, ಜಮೀನು ಮಂಜೂರಾದದ್ದಲ್ಲ ಎಂದು ತಿಳಿಯುವುದಿಲ್ಲ.

ಪಿತ್ರಾರ್ಜಿತ ಆಸ್ತಿಯಾದರೆ ಮನೆಯ ಹೆಣ್ಣುಮಕ್ಕಳ ಸಹಿಯಿಲ್ಲದೆ ಕೊಳ್ಳಬೇಡಿ, ಮಾಲೀಕರ ಬದಲು ಅವರಿಂದ ಪಡೆದ ಅಧಿಕಾರ ಪತ್ರದ (ಜಿಪಿಎ) ಮೇಲೆ ಮಾರುವವರ ಹತ್ತಿರಕ್ಕೇ ಹೋಗಬೇಡಿ ಎಂಬುದನ್ನೂ ಹೇಳಬೇಕು, ಆದರೆ ಅವು ಈಗ ಬಹಳ ಮಂದಿಗೆ ಗೊತ್ತಿರುವ ಸಂಗತಿಗಳು.

ನಮ್ಮ ಬಂಧುಗಳಲ್ಲಿ ಕೆಲವರು ಕಾಯ್ದೆಯನ್ನು ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ಚಿಕ್ಕಪ್ಪನಿಗೆ ಆದ ನಷ್ಟ ದೊಡ್ಡದು. ಕೊಳವೆಬಾವಿ, ಗಿಡ, ಬೇಲಿಗೆ ಹಾಕಿದ ಹಣ ಹೋಯಿತು, ಕ್ರಯದ ಹಣಕ್ಕಾಗಿ ಮಾರಿದವರ ಮೇಲೆ ಬೇರೆಯೇ ದಾವೆ ಹೂಡಬೇಕಾಗಿದೆ. ಆದರೆ ಆ ಹೆಂಗಸು ಇಷ್ಟು ವರ್ಷ ತಮ್ಮದೇ ಹೊಲದ ಪಕ್ಕದಲ್ಲಿ ಪರರ ಹೊಲಕ್ಕೆ ಕಳೆ ತೆಗೆಯಲು ಕೂಲಿಗೆ ಹೋಗಿದ್ದಾರೆ. ಜಮೀನಿನ ಮೂಲ ಗೊತ್ತಿದ್ದೂ ಮುಚ್ಚಿಟ್ಟು, ಎರಡೂ ಕಡೆಯ ದುಡ್ಡಿಗೆ ಕಮಿಷನ್ ಪಡೆದ ಮಧ್ಯವರ್ತಿಯೇ ಇಲ್ಲಿ ತಪ್ಪಿತಸ್ಥ.

ಜಮೀನನ್ನು ಆ ಹೆಂಗಸಿನ ಕುಟುಂಬಕ್ಕೆ ಮರಳಿಸಬೇಕೆಂಬ ಆದೇಶ ಬಂದ ಮೇಲೆ ಅದೇ ಮಧ್ಯವರ್ತಿ ಮತ್ತೊಂದು ದಾರಿ ಹಿಡಿದು ಬಂದ. ಆ ಮನೆಯವರಿಗೆ ಒಂದಿಷ್ಟು ಕೊಟ್ಟು ಒಪ್ಪಿಗೆ ಪತ್ರ ಬರೆಸಿಕೊಳ್ಳೋಣ, ಇಲ್ಲವೇ ದೀರ್ಘಾವಧಿ ಗುತ್ತಿಗೆ ಮಾಡಿಕೊಳ್ಳೋಣ ಎಂದ. ಮಾರಾಟವಷ್ಟೇ ಅಲ್ಲದೆ ದಾನ, ಅಡಮಾನ, ಗುತ್ತಿಗೆ, ಕ್ರಯದ ಕರಾರು ಎಲ್ಲವನ್ನೂ ಕಾಯ್ದೆ ವರ್ಗಾವಣೆಯೆಂದೇ ಪರಿಗಣಿಸುತ್ತದೆ, ಹೀಗಾಗಿ ಹಾಗೆ ಕೊಟ್ಟ ಹಣವೂ ಮತ್ತೆ ಮುಳುಗುತ್ತಿತ್ತು. ಚಿಕ್ಕಪ್ಪ ಅವನನ್ನು ಬಾಗಿಲಿನಿಂದಲೇ ಕಳಿಸಿದರು. ಅದೇ ಹಳೆಯ ಸರ್ವೆ ನಂಬರಿನಿಂದ ಒಡೆದ ಪಕ್ಕದ ತುಂಡುಗಳನ್ನು ಅವನು ಈಗಲೂ ಬೆಂಗಳೂರಿನಿಂದ ಬರುವವರಿಗೆ ತೋರಿಸುತ್ತಿದ್ದಾನೆ. ಗಡಿಯಂಚಿನ ಊರುಗಳಲ್ಲಿ ಮಾವಿನ ತೋಟಕ್ಕೆ ಹೇಳಿ ಮಾಡಿಸಿದ ಜಮೀನು ಎಂದು ಯಾರಾದರೂ ಕರೆದರೆ ಮಂಜೂರಾತಿ ಕಡತದ ದೃಢೀಕೃತ ನಕಲು ಕೈಗೆ ಬರುವವರೆಗೂ ಒಂದು ರೂಪಾಯಿ ಕೊಡಬೇಡಿ.