ಎಂಟೂವರೆ ಸಾವಿರ ಅಡಿ ಎತ್ತರದಲ್ಲಿ ಸ್ಟ್ಯಾಂಪ್ಡ್ ಕಾಂಕ್ರೀಟಾ, ಪೇವರಾ? ನಮ್ಮನೇಲಿ ಎರಡೂ ಹಾಕ್ಸಿ ನೋಡಿದ ಕಥೆ

ನಾವಿರೋದು ಅಮೆರಿಕದ ಕೊಲರಾಡೋದಲ್ಲಿ, ವುಡ್‌ಲ್ಯಾಂಡ್ ಪಾರ್ಕ್ ಅನ್ನೋ ಬೆಟ್ಟದೂರಲ್ಲಿ. ಊರಿನ ಎತ್ತರ 8,465 ಅಡಿ, ಅಂದ್ರೆ ಹತ್ತಿರ ಹತ್ತಿರ 2,580 ಮೀಟರ್, ನಮ್ಮ ಮುಳ್ಳಯ್ಯನಗಿರಿ ತುದೀಗಿಂತ್ಲೂ ಇನ್ನೊಂದು 600 ಮೀಟರ್ ಮೇಲೆ ಅನ್ಕೊಳಿ. ಇಲ್ಲಿ ನೀರು 91-92 ಡಿಗ್ರಿಗೇ ಕುದ್ದುಬಿಡುತ್ತೆ, ಕುಕ್ಕರ್ ಇಲ್ದೆ ತೊಗರಿಬೇಳೆ ಬೇಯಲ್ಲ. ಬೇಳೆ ವಿಷ್ಯ ಬಂದ ವಾರದಲ್ಲೇ ಗೊತ್ತಾಯ್ತು, ಕಾಂಕ್ರೀಟಿನ ವಿಷ್ಯ ಗೊತ್ತಾಗೋಕೆ ಎರಡು ಚಳಿಗಾಲ ಬೇಕಾಯ್ತು.

ನಾನು ಗಾರೆ ಕೆಲ್ಸದವನಲ್ಲ, ತಿಪಟೂರು ಕಡೆಯ ಸಾಫ್ಟ್‌ವೇರ್‌ನವನು. ಆದ್ರೆ ಒಂದೇ ಮನೇಲಿ ಸ್ಟ್ಯಾಂಪ್ಡ್ ಕಾಂಕ್ರೀಟ್ ಎರಡು ಸಲ, ಪೇವರ್ (ಇಟ್ಟಿಗೆ ಥರ ನೆಲಕ್ಕೆ ಜೋಡಿಸೋ ಕಾಂಕ್ರೀಟ್ ಕಲ್ಲು) ಒಂದು ಸಲ ಹಾಕ್ಸಿ, ಸೀಲರ್ (ನೀರು ಇಳೀದಿರ್ಲಿ ಅಂತ ಕಾಂಕ್ರೀಟಿಗೆ ಬಳಿಯೋದು) ಎರಡು ಥರದ್ದು ಅಕ್ಕಪಕ್ಕ ಬಳಿದು ನೋಡಿದೀನಿ, ಅದಕ್ಕೇ ಬರೀತಿರೋದು.

ಸ್ಟ್ಯಾಂಪ್ಡ್ ಕಾಂಕ್ರೀಟ್ ಅಂದ್ರೆ ಗೊತ್ತಿಲ್ದೋರಿಗೆ: ಮಾಮೂಲಿ ಕಾಂಕ್ರೀಟ್ ಹಾಸಿ, ಅದು ಗಟ್ಟಿಯಾಗೋಕೆ ಮುಂಚೆ ರಬ್ಬರಿನಂಥ ಮ್ಯಾಟ್‌ಗಳಿಂದ ಕಲ್ಲಿನ ಥರ, ಹಲಗೆ ಥರ ಅಚ್ಚು ಒತ್ತೋದು. ಬಣ್ಣ ಬರೋದು ಐರನ್ ಆಕ್ಸೈಡ್ ಪುಡಿಯಿಂದ, ನಮ್ಮಜ್ಜಿ ಮನೆ ರೆಡಾಕ್ಸೈಡ್ ನೆಲಕ್ಕೆ ಹಾಕ್ತಿದ್ರಲ್ಲ, ಅದೇ ಜಾತಿ. ನೋಡೋಕೆ ಮಾತ್ರ ಸೂಪರ್, ಅದರಲ್ಲಿ ಎರಡು ಮಾತಿಲ್ಲ.

ಮೊದಲನೇದು 2017ರಲ್ಲಿ, ಗ್ಯಾರೇಜ್ ಮುಂದೆ ಕಾರು ನಿಲ್ಸೋ ಜಾಗ. ಕಂಟ್ರಾಕ್ಟರ್ ಕೆಳಗಿನ ಬಯಲಿನವನು, ಹೆಸರು ಬೇಡ ಬಿಡಿ. ಅವನು ಮಾಡಿದ್ದು ಕಲರ್ ಹಾರ್ಡನರ್ ಪದ್ಧತಿ, ಅಂದ್ರೆ ಸಿಮೆಂಟು, ಸಣ್ಣ ಮರಳು, ಬಣ್ಣ ಸೇರಿಸಿದ ಒಣಪುಡೀನ ಹಸಿ ಕಾಂಕ್ರೀಟ್ ಮೇಲೆ ಉದುರಿಸಿ ಕರಣೆಯಲ್ಲಿ ತಿಕ್ಕೋದು. ಆ ಪುಡಿ ಒಳಗೆ ಸೇರ್ಕೊಬೇಕು ಅಂದ್ರೆ ಕಾಂಕ್ರೀಟಿನಿಂದ ಮೇಲಕ್ಕೆ ಒಂದಿಷ್ಟು ನೀರು ಬರ್ಬೇಕು, ಇಲ್ಲೋ ಗಾಳಿ ಒಣ, ಬಿಸಿಲು ಚುರುಕು, ಬಂದ ನೀರು ನಿಲ್ಲೋದೇ ಇಲ್ಲ. ಮೇಲುಗಡೆ ಗಂಜಿಗೆ ಕೆನೆ ಕಟ್ಟೋ ಹಾಗೆ ಒಂದು ಪದರ ಕಟ್ಬಿಡ್ತು, ಕೆಳಗಡೆ ಇನ್ನೂ ಮೆತ್ತಗೇ ಇತ್ತು, ಅಂಥದ್ರಲ್ಲಿ ಮ್ಯಾಟ್ ಇಟ್ಟು ಗುದ್ದಿದ್ರೆ ಏನಾಗುತ್ತೆ, ಕೆನೆ ಹರೀತು, ಅಚ್ಚಿನ ಗೆರೆ ಉದ್ದಕ್ಕೂ ಕೂದಲೆಳೆ ಬಿರುಕು. ಅವನು ಗಾಬರಿಯಾಗಿ ಮೇಲೆ ನೀರು ಚಿಮುಕಿಸ್ದ, ಲಾರಿ ಡ್ರೈವರ್‌ಗೂ ಇನ್ನೊಂದಿಷ್ಟು ನೀರು ಬಿಡು ಅಂದ. ನಮ್ಮೂರಲ್ಲಿ ಮನೆ ಕಟ್ಟೋವಾಗ ಮೇಸ್ತ್ರಿಗೆ ನಮ್ಮಪ್ಪ ಬೈತಿದ್ದಿದ್ದು ಇದಕ್ಕೇ, ಆದ್ರೆ ನಂಗೆ ಆವಾಗ ಹೊಳೀಲಿಲ್ಲ. ಕಲಸೋವಾಗ ನೀರು ಜಾಸ್ತಿಯಾದ್ರೆ, ಹಸಿ ಮೇಲ್ಮೈಗೆ ನೀರು ಹಾಕಿ ತಿಕ್ಕಿದ್ರೆ, ಮೇಲಿನ ಪದರವೇ ಬಡಕಲಾಗುತ್ತೆ, ಮತ್ತೆ ಈ ಕಾಂಕ್ರೀಟಿನ ಅಂದಚಂದ ಪೂರ್ತಿ ಇರೋದೇ ಆ ಮೇಲಿನ ಪದರದಲ್ಲಿ.

ಮೊದಲನೇ ಚಳಿಗಾಲ ಹೆಂಗೋ ಕಳೀತು. ಎರಡನೇದ್ರಲ್ಲಿ ಚಕ್ಕೆ ಏಳೋಕೆ ಶುರು, ಅದೂ ಸರಿಯಾಗಿ ಕಾರಿನ ಚಕ್ರ ನಿಲ್ಲೋ ಜಾಗದಲ್ಲಿ. ಕಾರಣ ರಸ್ತೆ ಉಪ್ಪು. ಕೊಲರಾಡೋದಲ್ಲಿ ರಸ್ತೆಗೆ ಮೆಗ್ನೀಸಿಯಂ ಕ್ಲೋರೈಡ್ ದ್ರಾವಣ ಹೊಡೀತಾರೆ, ಅದು ಕಾರಿನ ಹೊಟ್ಟೆಗೆ ಅಂಟಿರೋ ಹಿಮದ ಜೊತೆ ಮನೇಗೆ ಬಂದು ತೊಟ್ಟಿಕ್ಕುತ್ತೆ. ನಾನು ಒಂದು ಹಿಡಿ ಉಪ್ಪು ಹಾಕಿರ್ಲಿಲ್ಲ, ಆದ್ರೂ ಉಪ್ಪು ತಿಂದಿದ್ದು ನಮ್ಮ ಕಾಂಕ್ರೀಟೇ. ಜೊತೆಗೆ ಇಲ್ಲಿ ಚಳಿಗಾಲ ಪೂರ್ತಿ ಹೆಪ್ಪುಗಟ್ಟಿ ಕೂರಲ್ಲ, ಹಗಲು ಬಿಸಿಲಿಗೆ ಕರಗಿ ಒಳಗಿಳಿಯುತ್ತೆ, ರಾತ್ರಿ ಮೈನಸ್ ಹತ್ತಕ್ಕೆ ಮತ್ತೆ ಗಟ್ಟಿ. ನೀರು ಐಸ್ ಆದ್ರೆ ಶೇಕಡ 9ರಷ್ಟು ಉಬ್ಬುತ್ತೆ, ಆ ಉಬ್ಬು ಎಲ್ಲಿಗಾದ್ರೂ ಹೋಗ್ಬೇಕಲ್ಲ.

ಅದಕ್ಕೇ ಚಳಿ ಊರಿನ ಕಾಂಕ್ರೀಟಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆ ಬರೋ ಕೆಮಿಕಲ್ ಸೇರಿಸ್ತಾರೆ, ಉಬ್ಬೋ ಐಸ್‌ಗೆ ಜಾಗ ಸಿಗ್ಲಿ ಅಂತ. ಎರಡನೇ ಸಲ, 2019ರಲ್ಲಿ ಹಿತ್ತಲಿಗೆ ಪ್ಯಾಟಿಯೋ, ಅಂದ್ರೆ ಹೊರಗೆ ಕೂರೋಕೆ ಹಾಸಿದ ನೆಲ, ಹಾಕ್ಸೋವಾಗ ನಾನು ಇದನ್ನೆಲ್ಲ ಓದ್ಕೊಂಡೇ ಕೂತಿದ್ದೆ: ಗಟ್ಟಿತನ 4,500 ಪಿಎಸ್‌ಐ (ಒಂದು ಚದರ ಇಂಚು ಎಷ್ಟು ಪೌಂಡ್ ಒತ್ತಡ ತಡೆಯುತ್ತೆ ಅನ್ನೋ ಲೆಕ್ಕ), ಗಾಳಿ ಶೇಕಡ 6ರ ಆಸುಪಾಸು, ನೀರು-ಸಿಮೆಂಟ್ ಅನುಪಾತ 0.45 ದಾಟಬಾರದು. ಈ ಸಲದ ಕಂಟ್ರಾಕ್ಟರ್ ಇಲ್ಲೇ ಬೆಟ್ಟದ ಮೇಲಿನವನು, ನಾನು ಪಟ್ಟಿ ಓದೋಕೆ ಮುಂಚೆ ಅವನೇ ಅಷ್ಟೂ ಹೇಳ್ದ, ಸ್ವಲ್ಪ ನಾಚಿಕೆನೂ ಆಯ್ತು.

ಅವನು ಮಾಡಿದ್ದೇ ಬೇರೆ ಥರ. ಬಣ್ಣ ಮೇಲೆ ಉದುರಿಸೋ ಬದಲು ಲಾರಿಯಲ್ಲೇ ಪೂರ್ತಿ ಕಲಸಿಸಿದ, ಹಾಗಾಗಿ ಮೇಲಿಂದ ಚಕ್ಕೆ ಹೋದ್ರೂ ಕೆಳಗೆ ಬೂದು ಬಣ್ಣ ಇಣುಕಲ್ಲ. ಕೆಲಸ ಜೂನ್‌ನಲ್ಲಿ, ಬೆಳಗ್ಗೆ ಆರಕ್ಕೇ ಶುರು, ಯಾಕಂದ್ರೆ ಹತ್ತರ ಮೇಲೆ ಗಾಳಿ ಏಳುತ್ತೆ, ಜುಲೈ-ಆಗಸ್ಟ್ ಆದ್ರೆ ಮಧ್ಯಾಹ್ನ ಗುಡುಗು ಮಳೆ, ಸೆಪ್ಟೆಂಬರ್ ಕೊನೆಗೆ ರಾತ್ರಿ ಸೊನ್ನೆಗಿಂತ ಕೆಳಗೆ. ಬಿಸಿಲು ಬರೋ ಕಡೆ ಟಾರ್ಪಾಲ್ ಕಟ್ಟಿ, ಮೇಲೆ ನೀರು ಬೇಗ ಆರದಿರೋ ಹಾಗೆ ಒಂದು ದ್ರಾವಣ ಸ್ಪ್ರೇ ಮಾಡಿ, ಆಮೇಲೆ ಮ್ಯಾಟ್ ಒತ್ತಿದ್ರು. ನಾಲ್ಕು ಇಂಚಿನ ಸ್ಲ್ಯಾಬಿಗೆ ಹತ್ತಡಿಗೊಂದು ಜಾಯಿಂಟ್, ಅಂದ್ರೆ ಬಿರುಕು ಬಂದ್ರೆ ಅಲ್ಲೇ ಬರ್ಲಿ ಅಂತ ಬಿಡೋ ಗೆರೆ, ಒಂದಿಂಚು ಆಳ. ಕೊನೇಲಿ ಒದ್ದೆ ಕ್ಯೂರಿಂಗ್ ಬ್ಲ್ಯಾಂಕೆಟ್ ಹೊದಿಸಿ ಏಳು ದಿನ ಬಿಟ್ರು. ಆ ವರ್ಷ ಅಪ್ಪ ಬಂದಿದ್ರು, ನೋಡಿ "ಅಲ್ಲ ಕಣಪ್ಪ, ಇದು ನಮ್ಮ ಗೋಣಿಚೀಲನೇ ಅಲ್ವಾ, ಇಲ್ಲಿ ಬ್ಲ್ಯಾಂಕೆಟ್ ಅಂತಾರಾ" ಅಂದ್ರು.

ಇನ್ನು ಸೀಲರ್. ನನ್ನ ಪ್ರಕಾರ ಜನ ಎಡವೋದು ಇಲ್ಲೇ, ಯಾಕಂದ್ರೆ ಕಂಟ್ರಾಕ್ಟರ್ ತೋರ್ಸೋ ಫೋಟೋ ಎಲ್ಲಾ ಅಕ್ರಿಲಿಕ್ ಸೀಲರ್ ಬಳಿದಿದ್ದು, ನೆಲ ಈಗಷ್ಟೇ ಒದ್ದೆ ಮಾಡಿದ ಹಾಗೆ ಫಳಫಳ ಅಂತಿರುತ್ತೆ. ಇನ್ನೊಂದು ಥರದ್ದು ಸಿಲೇನ್-ಸಿಲಾಕ್ಸೇನ್, ಒಳಗೆ ಇಳಿಯೋ ಜಾತಿ, ಮೇಲೆ ಪದರ ಕಟ್ಟಲ್ಲ, ಹೊಳಪೂ ಇಲ್ಲ. 28 ದಿನ ಕಾದು, ಪ್ಯಾಟಿಯೋನ ಮಧ್ಯದ ಜಾಯಿಂಟ್ ಹಿಡ್ಕೊಂಡು ಮನೆ ಕಡೆ ಅರ್ಧಕ್ಕೆ ಅಕ್ರಿಲಿಕ್, ಪೈನ್ ಮರದ ಕಡೆ ಅರ್ಧಕ್ಕೆ ಇನ್ನೊಂದು ಬಳಿದೆ. ಹೆಂಡ್ತಿ ನೋಡಿ, ಅರ್ಧ ತಲೆ ಬೋಳಿಸಿದ ಹಾಗಿದೆ ಅಂದ್ಲು. ನಿಜವೇ, ಮೊದಲ ಬೇಸಿಗೇಲಿ ಅಕ್ರಿಲಿಕ್ ಅರ್ಧದ ಮುಂದೆ ಆ ಕಡೆಯದು ಸಪ್ಪೆ ಮೋರೆ ಹಾಕ್ಕೊಂಡಿತ್ತು.

ಚಳಿಗಾಲ ಆದ್ಮೇಲೆ ಕಥೆ ಉಲ್ಟಾ. ಹಿಮ ವಾರಗಟ್ಟಲೆ ಕೂತಿದ್ದ ಜಾಗದಲ್ಲೆಲ್ಲ ಅಕ್ರಿಲಿಕ್ ಪದರದ ಕೆಳಗೆ ತೇವ ಸಿಕ್ಕಾಕ್ಕೊಂಡು ಬಿಳಿ ಬಿಳಿ, ಹಾಲು ಚೆಲ್ಲಿದ ಹಾಗೆ. ಜೊತೆಗೆ ಜಾರುತ್ತೆ ಮಾರಾಯ್ರೆ, ತೆಳ್ಳಗೆ ಹಿಮ ಬಿದ್ದ ಒಂದು ಬೆಳಗ್ಗೆ ಕಾಫಿ ಲೋಟ ಹಿಡ್ಕೊಂಡೇ ಮಲಗಿಬಿಟ್ಟೆ, ಲೋಟ ಒಡೀತು, ಸೊಂಟ ಉಳೀತು. ಆಮೇಲೆ ಮೇ ತಿಂಗಳಲ್ಲಿ ಝೈಲೀನ್ ಅನ್ನೋ ಥಿನ್ನರ್ ಥರದ ದ್ರಾವಕ ಹಾಕಿ ಬಿಳಿ ತೆಗೆದು, ಜಾರದಿರೋ ಸಣ್ಣ ಪ್ಲಾಸ್ಟಿಕ್ ಪುಡಿ ಬೆರೆಸಿ ಮತ್ತೆ ತೆಳ್ಳಗೆ ಬಳಿದೆ. ಆವಾಗ್ಲಿಂದ ಎರಡು ವರ್ಷಕ್ಕೊಂದು ಸಲ ಇದೇ ಗೋಳು, ಬಿಸಿಲಿಗೆ ಪದರ ಮಂಕಾಗುತ್ತೆ, ಎತ್ತರದಲ್ಲಿ ಯುವಿ ಜಾಸ್ತಿ ಅನ್ನೋದು ನಮ್ಮ ಮುಖದ ಮೇಲಷ್ಟೇ ಅಲ್ಲ, ಇದರ ಮೇಲೂ ಕಾಣುತ್ತೆ. ಪೈನ್ ಕಡೆ ಅರ್ಧಕ್ಕೆ ನಾನು ಮತ್ತೆ ಕೈ ಹಾಕಿದ್ದು ನಾಲ್ಕು ವರ್ಷ ಆದ್ಮೇಲೆ. ಪರೀಕ್ಷೆ ಸುಲಭ, ಒಂದು ಲೋಟ ನೀರು ಚೆಲ್ಲಿ, ಕೆಸುವಿನೆಲೆ ಮೇಲಿನ ಹಾಗೆ ಹನಿ ನಿಂತ್ರೆ ಇನ್ನೂ ಕೆಲ್ಸ ಮಾಡ್ತಿದೆ, ಹೀರಿಕೊಂಡು ಕಪ್ಪಾದ್ರೆ ಬಳಿಯೋ ಟೈಮ್ ಬಂತು. ಒಂದು ಎಚ್ಚರ, ಅಕ್ರಿಲಿಕ್ ಇರೋ ನೆಲದ ಮೇಲೆ ಇದನ್ನ ಬಳಿಯೋಕಾಗಲ್ಲ, ಒಳಗೆ ಇಳಿಯಲ್ಲ, ಮೊದಲು ಸ್ಟ್ರಿಪ್ಪರ್ ಹಾಕಿ ಹಳೇದನ್ನ ಪೂರ್ತಿ ತೆಗೀಬೇಕು.

2021ರಲ್ಲಿ ಗ್ಯಾರೇಜ್ ಮುಂದಿನ ಹಳೇದನ್ನ ಒಡೆಸಿ ಕಾಂಕ್ರೀಟ್ ಪೇವರ್ ಹಾಕ್ಸಿದ್ವಿ. ದುಡ್ಡು ಸ್ಟ್ಯಾಂಪ್ಡ್‌ನ ಒಂದೂವರೆ ಪಟ್ಟು ಬಿತ್ತು, ಒಡೆದು ಸಾಗ್ಸಿದ ಖರ್ಚು ಬೇರೆ. ಪೇವರ್ ಫ್ಯಾಕ್ಟರೀಲಿ ಒತ್ತಿ ಮಾಡಿದ್ದು, ಇಲ್ಲಿನ ಸ್ಟ್ಯಾಂಡರ್ಡ್ ಪ್ರಕಾರ 8,000 ಪಿಎಸ್‌ಐ, ನೀರು ಹೀರೋದು ಸರಾಸರಿ ಶೇಕಡ 5 ಮೀರಬಾರದು, ಹಾಗಾಗಿ ಉಪ್ಪುನೀರು ತೊಟ್ಟಿಕ್ಕಿದ್ರೂ ಇಷ್ಟು ವರ್ಷದಲ್ಲಿ ಒಂದೂ ಚಕ್ಕೆ ಎದ್ದಿಲ್ಲ. ನೆಲ ಉಬ್ಬಿ ತಗ್ಗಿದ್ರೆ ಅದರ ಜೊತೆ ತಾನೂ ಅಲ್ಲಾಡುತ್ತೆ, ಸೀಳಲ್ಲ. ಇಲ್ಲಿ ನಮ್ಮ ಪುಣ್ಯ, ಕೆಳಗಿರೋದು ಪೈಕ್ಸ್ ಪೀಕ್ ಗ್ರಾನೈಟ್ ಪುಡಿಯಾದ ಗುಲಾಬಿ ಗೊರಚು, ನೀರು ನಿಲ್ಲಲ್ಲ.

ಹಾಗಂತ ಪೇವರ್‌ಗೆ ರಗಳೆ ಇಲ್ವಾ, ಇದೆ. ಸೂರಿನ ಪೈಪ್ ನೀರು ಬೀಳೋ ಮೂಲೇಲಿ ಎರಡನೇ ವರ್ಷವೇ ಕುಸೀತು. ಆದ್ರೆ ರಿಪೇರಿ ಹೆಂಗಿತ್ತು ಅಂದ್ರೆ, ಮಗನ್ನ ಕರ್ಕೊಂಡು ಹನ್ನೆರಡು ಕಲ್ಲು ಎಬ್ಬಿಸಿ, ಕೆಳಗೆ ಜಲ್ಲಿಪುಡಿ ತುಂಬಿ ದಮ್ಮಸು ಹಾಕಿ, ಮರಳು ಹರಡಿ ಮತ್ತೆ ಕೂರಿಸೋಕೆ ಒಂದು ಮಧ್ಯಾಹ್ನ ಸಾಕಾಯ್ತು, ಈಗ ಯಾವುದು ಅಂತ ನಂಗೇ ಗೊತ್ತಾಗಲ್ಲ. ಸ್ಟ್ಯಾಂಪ್ಡ್‌ನಲ್ಲಿ ಹಾಕಿದ್ದ ತೇಪೆ ಮಾತ್ರ ಬಂದ ನೆಂಟರಿಗೆಲ್ಲ ಮೊದಲು ಕಾಣ್ತಿತ್ತು. ಸಂದಿಯ ಮರಳು ಕೊಚ್ಚಿಹೋಗುತ್ತೆ, ಇರುವೆ ಗೂಡು ಕಟ್ಟುತ್ತೆ, ಕಳೆ ಬರುತ್ತೆ. ಮೇಲೆದ್ದ ಕಲ್ಲಿನ ಅಂಚಿಗೆ ಹಿಮ ತಳ್ಳೋ ಬ್ಲೇಡ್ ತಗುಲಿ ಎರಡು ಕಲ್ಲು ಮುಕ್ಕಾಯ್ತು, ಈಗ ಬ್ಲೇಡಿಗೆ ರಬ್ಬರ್ ಅಂಚು ಹಾಕಿದೀನಿ. ಸ್ಟ್ಯಾಂಪ್ಡ್ ಕಡೆ ಪ್ಲಾಸ್ಟಿಕ್ ಸಲಿಕೆ ಬಿಟ್ರೆ ಬೇರೇನೂ ಮುಟ್ಸಲ್ಲ, ಜಾರಿದ್ರೆ ಮರಳು ಎರಚ್ತೀನಿ, ಉಪ್ಪಿಲ್ಲ.

ಇದೇ ಕೊಲರಾಡೋದ ಲಯನ್ಸ್ ಅನ್ನೋ ಊರಿನ ಕೆಂಪು ಮರಳುಗಲ್ಲಿನ ಚಪ್ಪಡಿ ಹಾಕ್ಬೋದಿತ್ತಲ್ಲ ಅಂತ ಕೇಳ್ತಾರೆ. ಮೆಟ್ಟಿಲಿಗೆ ಮೂರು ಹಾಕಿದೀವಿ, ಚೆಂದ ಇದೆ, ಒಂದರಲ್ಲಿ ಪದರ ಏಳ್ತಿದೆ.

ಕಾರು ಬರೋ ಜಾಗಕ್ಕೆ ನಾನಂತೂ ಇನ್ನು ಸ್ಟ್ಯಾಂಪ್ಡ್ ಹಾಕ್ಸಲ್ಲ, ಯಾರು ಎಷ್ಟೇ ಗ್ಯಾರಂಟಿ ಕೊಡ್ಲಿ. ಹಿತ್ತಲಲ್ಲಿ ಸರಿಯಾಗಿ ಹಾಕಿದ್ದು ಮಾತ್ರ ಇವತ್ತಿಗೂ ಗಟ್ಟಿಯಾಗಿದೆ, ಮೂಲೇಲಿ ಒಂದು ಬಿರುಕು ಬಂದಿದೆ, ಅದು ಜಾಯಿಂಟ್ ಬಿಟ್ಟು ತನಗೆ ಬೇಕಾದ ದಾರಿ ಹಿಡೀತು. ಮನೆ ಪಕ್ಕ ಹತ್ತಡಿ ಅಗಲದ ಒಂದು ಪಟ್ಟಿ ಖಾಲಿ ಉಳಿದಿದೆ, ಹೆಂಡ್ತಿಗೆ ಅಲ್ಲಿ ಮರದ ಹಲಗೆ ಡಿಸೈನ್ ಬೇಕಂತೆ. ಕಾರು ಅತ್ಲಾಗೆ ಬರಲ್ಲ, ಅದಕ್ಕೆ ನಾನೂ ಹೂಂ ಅಂದಿದೀನಿ, ಆದ್ರೆ ಜೂನ್ ತನಕ ಕಾಯ್ಬೇಕು, ಹೊಳಪಿನ ಸೀಲರ್ ಮಾತ್ರ ಕೇಳ್ಬಾರ್ದು ಅಂತ ಮೊದಲೇ ಮಾತಾಗಿದೆ.